ಒರಳಿನಿಂದ ರಾಡಾರಿನವರೆಗೆ: ಮೂರು ತಾಲೂಕಿನ ಮಳೆಯ ಲೆಕ್ಕ

ಮಳೆಗಾಲ ಬಂತೆಂದರೆ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ದಿನಾ ಮುಂಜಾನೆ ಒಂದೇ ಪ್ರಶ್ನೆ: "ರಾತ್ರಿ ಮಳಿ ಎಷ್ಟಾತು?" ಹೊಲದಿಂದ ಬಂದ ಮುತ್ಯಾ ಕೈ ತೋರಿಸಿ, "ನಾಕು ಬೆರಳ ಹಸಿ ಆಗ್ಯಾದ ನೋಡ್ರಿ" ಅನ್ನುತ್ತಾರೆ. ಮೊಬೈಲ್ ಹಿಡಿದು ಕೂತ ಹುಡುಗ, "ಇಲ್ಲ ಮುತ್ಯಾ, ಇದರಾಗ 22 ಮಿಲಿಮೀಟರ್ ತೋರಸ್ಲಿಕತ್ತದ" ಅನ್ನುತ್ತಾನೆ. ಮಂಡಲ ಕಚೇರಿಗೆ ಹೋಗಿ ಬಂದವರು, "ಅಲ್ಲಿ ಬರೇ 6 ಅಂತ ಬರದಾರ" ಅನ್ನುತ್ತಾರೆ. ಮೂವರೂ ಸುಳ್ಳು ಹೇಳುವ ಜನ ಅಲ್ಲ. ಒಬ್ಬರು ನೆಲ ನೋಡಿದ್ದಾರೆ, ಒಬ್ಬ ಆಕಾಶದ ಲೆಕ್ಕ ನೋಡಿದ್ದಾನೆ, ಇನ್ನೊಬ್ಬರು ಎಂಟು ಹತ್ತು ಮೈಲಿ ದೂರದ ಒಂದು ಡಬ್ಬಿಯ ಲೆಕ್ಕ ತಂದಿದ್ದಾರೆ.

ಇದು ಬರೀ ಕಟ್ಟೆಯ ಮಾತಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕೆಲ ವರ್ಷದ ಹಿಂದೆ ನಮ್ಮೂರ ಸುತ್ತ ಹೆಸರು, ಉದ್ದು ಹೂ ಹಿಡಿಯುವ ಹೊತ್ತಿಗೆ ಮಳೆ ಕೈ ಕೊಟ್ಟಿತು. ಮಂಡಲದ ಊರಿನಲ್ಲಿ ಮಾತ್ರ ಎರಡು ದೊಡ್ಡ ಮಳೆ ಬಿದ್ದವು. ಆ ಎರಡು ಮಳೆ ಸೇರಿ ಕಾಗದದ ಮೇಲೆ ಎಲ್ಲರಿಗೂ 'ಸಾಕಷ್ಟು ಮಳೆ' ಆಯಿತು. ನಾವು ಹತ್ತು ಮಂದಿ ಕೂಡಿ ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಸಮಾಧಾನದಿಂದಲೇ ಕೇಳಿದರು: "ನಿಮ್ಮೂರಾಗ ಮಳಿ ಆಗಿಲ್ಲ ಅನ್ನೋದಕ್ಕ ದಾಖಲೆ ಏನದ ಮಾಸ್ತರೇ?" ನಾನು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು. ಉತ್ತರ ಗೊತ್ತಿಲ್ಲದೆ ಸುಮ್ಮನೆ ನಿಂತೆ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದು, ಕೇಳಿದ್ದು ಇಲ್ಲಿ ಬರೆದಿದ್ದೇನೆ.

ಕೈಯ ಅಳತೆ, ನಕ್ಷತ್ರದ ಲೆಕ್ಕ

ಡಬ್ಬಿ ಬರುವ ಮೊದಲೂ ನಮ್ಮ ಜನ ಮಳೆ ಅಳೆಯುತ್ತಿದ್ದರು. ಅಂಗಳದ ಒರಳು ತುಂಬಿತೇ, ಅರ್ಧ ಆಯಿತೇ ಅನ್ನುವುದು ಹೆಂಗಸರ ಅಳತೆ. ಹೊಲದಲ್ಲಿ ಮಣ್ಣು ಕೆದರಿ ಹಸಿ ಎಷ್ಟು ಇಳಿದಿದೆ ಅಂತ ಬೆರಳು, ಗೇಣು, ಮೊಳದಲ್ಲಿ ಹೇಳುವುದು ಒಕ್ಕಲಿಗರ ಅಳತೆ. ಈ ಎರಡನೆಯದು ಸಣ್ಣದಲ್ಲ. ಬೀಜಕ್ಕೆ ಬೇಕಾದದ್ದು ಆಕಾಶದಿಂದ ಎಷ್ಟು ಬಿತ್ತು ಅನ್ನುವುದಲ್ಲ, ನೆಲದಲ್ಲಿ ಎಷ್ಟು ಉಳಿಯಿತು ಅನ್ನುವುದು. ಜಹೀರಾಬಾದಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಒಂದು ಮಳೆ ಬೇಗ ಇಳಿದು ಬೇಗ ಆರುತ್ತದೆ. ತಾಂಡೂರಿನ ಕರಿ ಎರೆ ಮಣ್ಣು ಅದೇ ಮಳೆಯನ್ನು ವಾರಗಟ್ಟಲೆ ಹಿಡಿದಿಟ್ಟು ತೊಗರಿಗೆ ಕೊಡುತ್ತದೆ. ಹದ ಅಂದರೆ ಇದೇ.

ಕಾಲದ ಲೆಕ್ಕ ನಕ್ಷತ್ರದ್ದು. ರೋಹಿಣಿ, ಮಿರುಗ, ಆರಿದ್ರಾ, ಹೀಗೆ ಸ್ವಾತಿಯವರೆಗೆ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುವ ಗಾದೆ ನಮ್ಮ ಮಕ್ಕಳಿಗೂ ಬರುತ್ತದೆ. ಆದರೆ ಈ ಅಳತೆಗಳಿಗೆ ಒಂದು ಕೊರತೆ ಇದೆ. ಅವು ನೋಡಿದವನ ನೆನಪಿನಲ್ಲಿ ಮಾತ್ರ ಇರುತ್ತವೆ. ಹೋದ ವರ್ಷದ ಗೇಣು ಹಸಿಯನ್ನು ಈ ವರ್ಷ ಯಾರಿಗೂ ತೋರಿಸಲಾಗುವುದಿಲ್ಲ.

ಬರೆದಿಟ್ಟ ಅಳತೆ ಹಿಂದೆ ಇರಲಿಲ್ಲವೇ? ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧಿಕಾರಿಯು ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲ ಬಾಯಿಯ ಪಾತ್ರೆಯನ್ನು ಮಳೆ ಅಳೆಯಲು ಇಡಬೇಕು ಅಂತ ಇದೆ. ಯಾವ ನಾಡಿಗೆ ಎಷ್ಟು ದ್ರೋಣ ಮಳೆ ಅನ್ನುವ ಪಟ್ಟಿಯೂ ಇದೆ. ಅದರಲ್ಲಿ ಅವಂತಿಗೆ 23 ದ್ರೋಣ, ಅಶ್ಮಕಕ್ಕೆ 13½ ದ್ರೋಣ. ಅಶ್ಮಕದ ರಾಜಧಾನಿ ಇಂದಿನ ನಿಜಾಮಾಬಾದ್ ಜಿಲ್ಲೆಯ ಬೋಧನ್ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ನಾರಾಯಣಖೇಡದಿಂದ ಬೋಧನ್ ದೂರದ ಊರೇನಲ್ಲ. ನಮ್ಮ ನೆರೆಯ ನಾಡು ಕಡಿಮೆ ಮಳೆಯದು ಅನ್ನುವುದು ಆ ಕಾಲಕ್ಕೇ ಲೆಕ್ಕಕ್ಕೆ ಹತ್ತಿತ್ತು ಅಂತಾಯಿತು. ಇನ್ನೊಂದು ಮಾತೂ ಅಲ್ಲಿದೆ: ಮಳೆಗಾಲದ ಮೊದಲ ಮತ್ತು ಕೊನೆಯ ತಿಂಗಳು ಸೇರಿ ಮೂರನೇ ಒಂದು ಭಾಗ, ನಡುವಿನ ತಿಂಗಳುಗಳಲ್ಲಿ ಮೂರನೇ ಎರಡು ಭಾಗ ಬಿದ್ದರೆ ಒಳ್ಳೆಯ ಮಳೆ. ಒಟ್ಟು ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದನ್ನೂ ಕೇಳಿದ್ದಾರೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಮಳೆ ಅಳೆಯುವ ಪಾತ್ರೆಯ ಮಾತು ಬರುತ್ತದೆ. ದೂರದ ಕೊರಿಯಾ ದೇಶದಲ್ಲಿ ಸೆಜೋಂಗ್ ಅನ್ನುವ ರಾಜ 1441ರ ಹೊತ್ತಿಗೆ ಒಂದೇ ಅಳತೆಯ ಮಳೆಮಾಪಕ ಮಾಡಿಸಿ ಪ್ರಾಂತ್ಯಗಳಿಗೆ ಕಳಿಸಿದ. ಎಲ್ಲ ಕಡೆಯೂ ಕಾರಣ ಒಂದೇ: ಬೆಳೆ ಮತ್ತು ಕಂದಾಯ.

ತಹಸೀಲಿನ ಡಬ್ಬಿ

ಈಗಿನ ಪದ್ಧತಿ ಬಂದದ್ದು ಬರಗಾಲದ ಬೆನ್ನಿಗೆ. 1864ರಲ್ಲಿ ಕಲ್ಕತ್ತೆಗೆ ದೊಡ್ಡ ಚಂಡಮಾರುತ ಬಡಿಯಿತು. 1866ರಲ್ಲಿ, ಮತ್ತೆ 1871ರಲ್ಲಿ ಮುಂಗಾರು ಕೈ ಕೊಟ್ಟಿತು. ಇದಾದ ಮೇಲೆ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಇಲಾಖೆ ಕಣ್ಣು ಬಿಡುವಷ್ಟರಲ್ಲಿ 1876–78ರ ಮಹಾಬರ ದಖನ್ನಿನ ಮೇಲೆ ಬಂತು. ಹಿರಿಯರು ಅದನ್ನು ಸಂವತ್ಸರದ ಹೆಸರಿನಿಂದ 'ಧಾತು ಈಶ್ವರ ಬರ' ಅನ್ನುತ್ತಿದ್ದರು. ಮಳೆಯ ಅಂಕಿ ಇಲ್ಲದೆ ಬರ ಬರುವುದೂ ತಿಳಿಯುವುದಿಲ್ಲ, ಬಂದ ಬರವನ್ನು ಅಳೆಯಲೂ ಆಗುವುದಿಲ್ಲ ಅನ್ನುವುದು ಸರ್ಕಾರಕ್ಕೆ ಆಗ ಮನದಟ್ಟಾಯಿತು.

ತಹಸೀಲ್ ಕಚೇರಿಗಳ ಅಂಗಳಕ್ಕೆ ಬಂದ ಡಬ್ಬಿಗೆ ಸೈಮನ್ಸ್ ಮಳೆಮಾಪಕ ಅಂತ ಹೆಸರು. ಇಂಗ್ಲೆಂಡಿನಲ್ಲಿ 1860ರಿಂದ ಊರೂರಿನ ಸಾಮಾನ್ಯ ಜನರನ್ನು ಕೂಡಿಸಿ ಮಳೆ ಅಳೆಯಿಸಿದ ಜಿ. ಜೆ. ಸೈಮನ್ಸ್ ಅವರ ಹೆಸರು ಅದು. ರಚನೆ ಬಹಳ ಸರಳ. 5 ಇಂಚು, ಅಂದರೆ 127 ಮಿ.ಮೀ. ಅಗಲದ ಬಾಯಿ. ಒಳಗೆ ಲಾಳಿಕೆ. ಕೆಳಗೆ ನೀರು ಕೂಡುವ ಬಾಟಲಿ. ಬಾಯಿ ನೆಲದಿಂದ ಒಂದು ಅಡಿ ಎತ್ತರ ಇರಬೇಕು. ತೀರ ತಗ್ಗಿದ್ದರೆ ನೆಲದಿಂದ ಸಿಡಿದ ನೀರು ಒಳಗೆ ಬೀಳುತ್ತದೆ, ಎತ್ತರ ಇದ್ದರೆ ಗಾಳಿ ಹನಿಯನ್ನು ಆಚೆ ತಳ್ಳುತ್ತದೆ. ಗಿಡ, ಗೋಡೆ ಏನಿದ್ದರೂ ಅದರ ಎತ್ತರದ ಎರಡು ಪಟ್ಟು ದೂರದಲ್ಲಿ ಡಬ್ಬಿ ಇರಬೇಕು. ಬೇವಿನ ಮರದ ಕೆಳಗೆ ಇಟ್ಟ ಮಳೆಮಾಪಕ ಅಳೆಯುವುದು ಬೇವಿನ ಎಲೆ ಬಿಟ್ಟ ಮಳೆಯನ್ನು.

ಮುಂಜಾನೆ 8:30ಕ್ಕೆ ನೀರನ್ನು ಗಾಜಿನ ಅಳತೆ ಜಾಡಿಗೆ ಹಾಕಿ ಗೆರೆ ನೋಡುತ್ತಾರೆ. ನಿನ್ನೆ 8:30ರಿಂದ ಇವತ್ತು 8:30ರವರೆಗಿನ ಮಳೆ ಇವತ್ತಿನ ತಾರೀಖಿಗೆ ಸೇರುತ್ತದೆ. ಸೋಮವಾರ ಸಂಜೆ ಬಿದ್ದ ಮಳೆ ಮಂಗಳವಾರದ ಲೆಕ್ಕ. ಶಾಲೆಯ ಮಕ್ಕಳು, ಎಷ್ಟೋ ಸಲ ನಾವೂ, ಇಲ್ಲಿಯೇ ತಪ್ಪುತ್ತೇವೆ. ಇನ್ನೊಂದು ತಪ್ಪು ಜಾಡಿಯದು. ಸೈಮನ್ಸ್ ಡಬ್ಬಿಯ ಬಾಯಿಯ ವಿಸ್ತೀರ್ಣ ಸುಮಾರು 127 ಚದರ ಸೆಂ.ಮೀ., ಆದ್ದರಿಂದ 1 ಮಿ.ಮೀ. ಮಳೆ ಅಂದರೆ 12.7 ಮಿಲಿಲೀಟರ್ ನೀರು. ಆಮೇಲೆ ಬಂದ ಫೈಬರ್ ಡಬ್ಬಿಗಳಲ್ಲಿ 100 ಚದರ ಸೆಂ.ಮೀ. ಬಾಯಿಯವೂ ಇವೆ, 200ರವೂ ಇವೆ. ಒಂದರ ಜಾಡಿ ಇನ್ನೊಂದಕ್ಕೆ ಬಳಸಿದರೆ ಮಳೆ ಕಾಗದದ ಮೇಲೆ ಎರಡು ಪಟ್ಟಾಗುತ್ತದೆ ಇಲ್ಲವೆ ಅರ್ಧವಾಗುತ್ತದೆ. ಹೊಲದಲ್ಲಿ ಮಾತ್ರ ಬಿದ್ದಷ್ಟೇ ಬಿದ್ದಿರುತ್ತದೆ.

1908ರ ಪಾಠ

ನಿಜಾಮರ ಸಂಸ್ಥಾನದಲ್ಲಿ ಮಳೆಯ ಅಂಕಿಗೆ ಎಷ್ಟು ಬೆಲೆ ಅನ್ನುವುದು ಗೊತ್ತಾದದ್ದು 1908ರ ಸೆಪ್ಟೆಂಬರ್ 28ರಂದು. ತಾಂಡೂರಿಗೆ ಹತ್ತಿರದ ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ ಹುಟ್ಟುವ ಮೂಸಿ ಹೊಳೆ ಅಂದು ಹೈದರಾಬಾದ್ ನಗರಕ್ಕೆ ನುಗ್ಗಿ ಸಾವಿರಾರು ಜನರನ್ನು ಕೊಂದಿತು. ಮುಂದಿನ ವರ್ಷ ಸಂಸ್ಥಾನ ಕರೆಸಿಕೊಂಡದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಮೊದಲು ಕೈಗೆತ್ತಿಕೊಂಡವುಗಳಲ್ಲಿ ಮಳೆಯ ಅಂಕಿಗಳೂ ಇದ್ದವು. ಶಂಶಾಬಾದಿನ ಮಳೆಮಾಪಕ 24 ತಾಸಿನಲ್ಲಿ 12.8 ಇಂಚು, 48 ತಾಸಿನಲ್ಲಿ 18.9 ಇಂಚು ತೋರಿಸಿತ್ತು. ಇಂದಿನ ಲೆಕ್ಕದಲ್ಲಿ ಸುಮಾರು 325 ಮತ್ತು 480 ಮಿ.ಮೀ. ಎಷ್ಟು ಮಳೆ, ಎಷ್ಟು ನೆಲದ ಮೇಲೆ, ಎಷ್ಟು ಹೊತ್ತಿನಲ್ಲಿ ಅನ್ನುವುದು ಗೊತ್ತಿದ್ದರೆ ಮಾತ್ರ ಕಟ್ಟೆ ಎಷ್ಟು ದೊಡ್ಡದಿರಬೇಕು ಅಂತ ಹೇಳಲು ಬರುತ್ತದೆ. ಅವರ ಸಲಹೆಯ ಜಾಡಿನಲ್ಲೇ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಆದವು. ಒಂದು ಊರಿನ ಡಬ್ಬಿಯಲ್ಲಿ ಕೂಡಿದ ನೀರು ಒಂದು ನಗರದ ಕಟ್ಟೆಗಳ ಲೆಕ್ಕಕ್ಕೆ ಆಧಾರವಾಯಿತು.

1956: ಗಡಿಯೂ ಬದಲು, ಅಳತೆಯೂ ಬದಲು

ಈಗ ನಮ್ಮ ಮೂರು ತಾಲೂಕಿನ ಕತೆಗೆ ಬರೋಣ. ಜಹೀರಾಬಾದ್ ಮತ್ತು ನಾರಾಯಣಖೇಡ ಹಿಂದೆ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ಇಡೀ ನಾರಾಯಣಖೇಡ ತಾಲೂಕು ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಹೋದವು. ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿತು. ಬೀದರ್, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಹೋದವು. ನೆಂಟರು ಆಚೆ, ಹೊಲ ಈಚೆ ಆದದ್ದು ಎಲ್ಲರಿಗೂ ಗೊತ್ತು. ಮಳೆಯ ಪುಸ್ತಕಕ್ಕೂ ಅದೇ ಆಯಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ತಾಂಡೂರನ್ನೇ ನೋಡಿ. 1956ಕ್ಕೆ ಮುಂಚೆ ಅದರ ಮಳೆ ಗುಲಬರ್ಗಾ ಜಿಲ್ಲೆಯ ಲೆಕ್ಕ. ಆಮೇಲೆ ಹೈದರಾಬಾದ್ ಜಿಲ್ಲೆಯ ಲೆಕ್ಕ. 1978ರಿಂದ ರಂಗಾರೆಡ್ಡಿ ಜಿಲ್ಲೆಯ ಲೆಕ್ಕ. 2016ರಿಂದ ವಿಕಾರಾಬಾದ್ ಜಿಲ್ಲೆಯ ಲೆಕ್ಕ. ಊರು ಒಂದಡಿಯೂ ಸರಿದಿಲ್ಲ, ಆದರೆ ಅದರ ಮಳೆ ಹುಡುಕಬೇಕಾದವರು ನಾಲ್ಕು ಜಿಲ್ಲೆಯ ಪುಸ್ತಕ ತೆರೆಯಬೇಕು. ಜಹೀರಾಬಾದ್, ನಾರಾಯಣಖೇಡಕ್ಕೆ ಬೀದರ್, ಮೆದಕ್, ಸಂಗಾರೆಡ್ಡಿ ಅಂತ ಮೂರು. ನಡುವೆ 1985ರಲ್ಲಿ ತಾಲೂಕು ಒಡೆದು ಮಂಡಲಗಳಾದವು.

ಭಾಷೆ, ಪಂಚಾಂಗ, ಅಳತೆ ಇವೂ ಬದಲಾದವು. ಸಂಸ್ಥಾನದ ಸರ್ಕಾರಿ ವರ್ಷ ಫಸಲಿ. ಅದು ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಮೂಸಿ ಪ್ರವಾಹ ಬಂದದ್ದು 1317ನೇ ಫಸಲಿಯ ಕೊನೆಯ ದಿನಗಳಲ್ಲಿ. ಮುಂದಿನ ವಾರದ ಮಳೆ ಬಿದ್ದಿದ್ದರೆ ಅದು 1318ರ ಪಾಲು. ಹೀಗೆ ಒಂದೇ ಮಳೆಗಾಲ ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಹಳೆಯ ಫಸಲಿ ವರ್ಷದ ಮೊತ್ತವನ್ನು ಈಗಿನ ಜನವರಿ–ಡಿಸೆಂಬರ್ ಮೊತ್ತದ ಪಕ್ಕದಲ್ಲಿಟ್ಟು, ಮಳೆ ಹೆಚ್ಚಾಯಿತು, ಕಡಿಮೆಯಾಯಿತು ಅಂತ ಹೇಳುವವರು ಇದನ್ನು ನೆನಪಿಡಬೇಕು.

ಅದೇ 1956ರ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿತು. ಇಂಚು, ಸೆಂಟಿನಲ್ಲಿ ಬರೆಯುತ್ತಿದ್ದ ಮಳೆ ಮಿಲಿಮೀಟರಿಗೆ ಬಂತು. ನೂರು ಸೆಂಟು ಒಂದು ಇಂಚು, ಒಂದು ಇಂಚು 25.4 ಮಿ.ಮೀ. ಹಳೆಯ ಇಂಚು ಪೂರ್ತಿ ಹೋಗಿಲ್ಲ. ಇವತ್ತಿಗೂ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಹವಾಮಾನ ಇಲಾಖೆ ಆ ದಿನವನ್ನು 'ಮಳೆ ದಿನ' ಅನ್ನುತ್ತದೆ. ಅದು ಹೆಚ್ಚುಕಡಿಮೆ ಇಂಚಿನ ಹತ್ತನೇ ಒಂದು ಭಾಗ. ನಮ್ಮ ರೈತರಿಗೆ ಮಿಲಿಮೀಟರ್ ಅಂದರೆ ಕೈಗೆ ಹತ್ತುವುದಿಲ್ಲ ಅನ್ನುವುದು ನಿಜ. ಹೀಗೆ ಹೇಳಿ ನೋಡಿ: 1 ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ. ಅಂದರೆ ಒಂದು ಲಕ್ಷ ಲೀಟರ್, ಅಂದರೆ 5,000 ಲೀಟರಿನ ಇಪ್ಪತ್ತು ಟ್ಯಾಂಕರ್ ಪುಕ್ಕಟೆ.

ಒಂದು ಡಬ್ಬಿ, ಇಡೀ ಮಂಡಲ

ಡಬ್ಬಿಯ ದೊಡ್ಡ ಮಿತಿ ಏನು? ಅದು ತನ್ನ ಬಾಯಿಗೆ ಬಿದ್ದದ್ದನ್ನು ಮಾತ್ರ ಹೇಳುತ್ತದೆ. ಒಂದು ಮಂಡಲ 200 ಚದರ ಕಿ.ಮೀ. ಅಂತ ಹಿಡಿಯಿರಿ. ಸೈಮನ್ಸ್ ಡಬ್ಬಿಯ ಬಾಯಿ ಅದರ 1,500 ಕೋಟಿಯಲ್ಲಿ ಒಂದು ಪಾಲೂ ಅಲ್ಲ. ಮುಂಗಾರಿನ ಜಿಟಿಜಿಟಿ ಮಳೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ತರ ಬೀಳುವುದರಿಂದ ಆಗ ಒಂದು ಡಬ್ಬಿ ಸಾಕಾದೀತು. ಆದರೆ ನಮ್ಮ ಕಡೆ ಗುಡುಗು ಮಳೆ ಹೊಲದ ಬದುವಿನಂತೆ ಗೆರೆ ಎಳೆದು ಬೀಳುತ್ತದೆ. ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿರುತ್ತದೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಹಲವು ಡಬ್ಬಿ ಇದ್ದರೆ ಪ್ರತಿ ಹೊಲಕ್ಕೆ ಹತ್ತಿರದ ಡಬ್ಬಿಯ ಅಂಕಿ ಕೊಟ್ಟು ಸರಾಸರಿ ತೆಗೆಯುವ ವಿಧಾನವನ್ನು 1911ರಲ್ಲಿ ಅಮೆರಿಕದ ಥೀಸೆನ್ ಅನ್ನುವವರು ಹೇಳಿಕೊಟ್ಟರು. ಡಬ್ಬಿಯೇ ಇಲ್ಲದ ಕಡೆ ಅದೂ ಮುಗಿಯಿತು.

ಈ ಮಿತಿ ರೊಕ್ಕದ ಲೆಕ್ಕಕ್ಕೆ ಬಂದದ್ದು ನಮ್ಮ ಪಕ್ಕದಲ್ಲೇ. 2003ರಲ್ಲಿ ಮಹಬೂಬನಗರ ಜಿಲ್ಲೆಯಲ್ಲಿ ಶೇಂಗಾ ಮತ್ತು ಔಡಲ ಬೆಳೆಯುವ ಇನ್ನೂರಕ್ಕೂ ಹೆಚ್ಚು ರೈತರು ಬೇಸಿಕ್ಸ್ ಸಂಸ್ಥೆಯ ಮೂಲಕ ಐಸಿಐಸಿಐ ಲೊಂಬಾರ್ಡ್ ಕಂಪನಿಯ ಮಳೆ ವಿಮೆ ಕೊಂಡರು. ದೇಶದಲ್ಲಿ ಇಂಥ ವಿಮೆಗೆ ಅದೇ ಮೊದಲು ಅನ್ನುತ್ತಾರೆ. ಬೆಳೆ ನೋಡಲು ಯಾರೂ ಬರುವುದಿಲ್ಲ. ಮಳೆಮಾಪಕ ಇಷ್ಟಕ್ಕಿಂತ ಕಡಿಮೆ ತೋರಿಸಿದರೆ ರೊಕ್ಕ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಲಂಚ ಇಲ್ಲ, ಪಂಚನಾಮೆ ಇಲ್ಲ, ಒಳ್ಳೆಯದೇ. ಆದರೆ ಡಬ್ಬಿ ಇರುವ ಊರಲ್ಲಿ ಮಳೆ ಬಿದ್ದು ನನ್ನ ಹೊಲದಲ್ಲಿ ಬೀಳದಿದ್ದರೆ? ವಿಮೆಯವರು ಇದಕ್ಕೊಂದು ಹೆಸರು ಇಟ್ಟಿದ್ದಾರೆ. ನಾವು ಅದನ್ನು ದೂರದ ಡಬ್ಬಿಯ ನಷ್ಟ ಅನ್ನೋಣ. ಬರಪೀಡಿತ ಅಂತ ಘೋಷಿಸುವಾಗಲೂ ಇದೇ ತೊಡಕು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮೊದಲು ಕೇಳುವುದೇ ಮಳೆಯ ಅಂಕಿಯನ್ನು: ವಾಡಿಕೆಗಿಂತ ಎಷ್ಟು ಕಡಿಮೆ, ಎಷ್ಟು ವಾರ ಮಳೆ ಬಿಟ್ಟಿತು.

ಇದಕ್ಕೆ ಉತ್ತರ ಡಬ್ಬಿಗಳನ್ನು ಹೆಚ್ಚಿಸುವುದು. ಈಗಿನ ಸ್ವಯಂಚಾಲಿತ ಮಾಪಕದ ಒಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲು ಇರುತ್ತವೆ. ಒಂದು ತುಂಬಿದಾಗ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ವಾಲಿತು ಅಂತ ಎಣಿಸಿದರೆ ಮಳೆ ಎಷ್ಟು ಅಂತ ಗೊತ್ತಾಗುತ್ತದೆ. ಈ ಉಪಾಯ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ ಅವರದು, 1662ರದು. ಇವತ್ತು ಆ ಎಣಿಕೆ ಮೊಬೈಲ್ ಸಿಗ್ನಲ್ ಮೇಲೆ ಹೋಗುತ್ತದೆ. ಕರ್ನಾಟಕದಲ್ಲಿ 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಬೆಳೆದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಂಥ ಮಾಪಕ ಇಟ್ಟಿದೆ. ಪ್ರತಿ 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ತೆಲಂಗಾಣದಲ್ಲಿಯೂ ಮಂಡಲ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಬಂದಿವೆ. ಹಾಗಿದ್ದರೂ ಬಟ್ಟಲಿನಲ್ಲಿ ಧೂಳು ಕೂತರೆ, ಲಾಳಿಕೆಯಲ್ಲಿ ಜೇಡ ಬಲೆ ಕಟ್ಟಿದರೆ ಅದೂ ತಪ್ಪು ಹೇಳುತ್ತದೆ.

ರಾಡಾರ್ ನೋಡುವುದು ಏನನ್ನು?

ಇನ್ನು ಹುಡುಗನ ಮೊಬೈಲಿನ ಮಾತು. ಅಂಥ ಅಂಕಿಯ ಹಿಂದೆ ಉಪಗ್ರಹ, ಗಣಕದ ಅಂದಾಜು, ರಾಡಾರ್ ಏನು ಬೇಕಾದರೂ ಇರಬಹುದು. ಇವುಗಳಲ್ಲಿ ಮಳೆಯನ್ನು ಬೀಳುವಾಗಲೇ ಹತ್ತಿರದಿಂದ ನೋಡುವುದು ರಾಡಾರ್. ಹವಾಮಾನ ಇಲಾಖೆಯ ಡಾಪ್ಲರ್ ರಾಡಾರ್ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಹುಡುಕಲು ರಾಡಾರ್ ಬಳಸಿದರು. ಮಳೆ ಬಂದಾಗ ಪರದೆಯ ಮೇಲೆ ಬೇಡದ ಕಲೆ ಮೂಡುತ್ತಿತ್ತು. ಯುದ್ಧ ಮುಗಿದ ಮೇಲೆ ಆ ಕಲೆಯೇ ಬೇಕಾದ ವಸ್ತುವಾಯಿತು.

ರಾಡಾರ್ ರೇಡಿಯೋ ಅಲೆಯನ್ನು ಬಿಡುತ್ತದೆ. ಅದು ಹನಿಗಳಿಗೆ ಬಡಿದು ಸ್ವಲ್ಪ ಮರಳಿ ಬರುತ್ತದೆ. ಎಷ್ಟು ಹೊತ್ತಿಗೆ ಮರಳಿತು ಅನ್ನುವುದರಿಂದ ದೂರ, ಎಷ್ಟು ಜೋರಾಗಿ ಮರಳಿತು ಅನ್ನುವುದರಿಂದ ಮಳೆಯ ಜೋರು ತಿಳಿಯುತ್ತದೆ. ಹನಿ ನಮ್ಮತ್ತ ಬರುತ್ತಿದೆಯೇ, ಆಚೆ ಹೋಗುತ್ತಿದೆಯೇ ಅನ್ನುವುದನ್ನು ಡಾಪ್ಲರ್ ಗುಣ ಹೇಳುತ್ತದೆ. ರೈಲಿನ ಸೀಟಿ ಹತ್ತಿರ ಬರುವಾಗ ಒಂದು ದನಿ, ದೂರ ಹೋಗುವಾಗ ಇನ್ನೊಂದು ದನಿ ಕೇಳುತ್ತದಲ್ಲ, ಅದೇ ಗುಣ. ತಾಂಡೂರು ಸ್ಟೇಶನ್ನಿನಲ್ಲಿ ನಿಂತವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ತೊಡಕು ಎಲ್ಲಿದೆ? ರಾಡಾರ್ ನೀರನ್ನು ಅಳೆಯುವುದಿಲ್ಲ, ಮರುದನಿಯನ್ನು ಅಳೆಯುತ್ತದೆ. ಮರುದನಿ ಹನಿಯ ಅಗಲದ ಆರನೇ ಘಾತಕ್ಕೆ ಏರುತ್ತದೆ. 2 ಮಿ.ಮೀ. ಅಗಲದ ಒಂದು ಹನಿಯಲ್ಲಿ 1 ಮಿ.ಮೀ.ನ ಎಂಟು ಹನಿಯಷ್ಟು ನೀರಿದೆ, ಆದರೆ ಅದು ರಾಡಾರಿಗೆ ಅರವತ್ನಾಲ್ಕು ಹನಿಯಂತೆ ಕಾಣುತ್ತದೆ. ಆದ್ದರಿಂದ ಮಳೆಯಲ್ಲಿ ದೊಡ್ಡ ಹನಿ ಎಷ್ಟು, ಸಣ್ಣ ಹನಿ ಎಷ್ಟು ಅನ್ನುವುದು ಗೊತ್ತಿರಬೇಕು. 1904ರಲ್ಲಿ ಅಮೆರಿಕದ ವರ್ಮಾಂಟ್ ಸೀಮೆಯ ರೈತ ವಿಲ್ಸನ್ ಬೆಂಟ್ಲಿ ಪರಾತದಲ್ಲಿ ಹಿಟ್ಟು ಹರಡಿ ಮಳೆಗೆ ಹಿಡಿದು, ಹನಿ ಬಿದ್ದಲ್ಲಿ ಆದ ಗುಂಡುಗಳನ್ನು ಅಳೆದ. 1948ರಲ್ಲಿ ಕೆನಡಾದ ಮಾರ್ಷಲ್ ಮತ್ತು ಪಾಮರ್ ಬಣ್ಣ ಹಚ್ಚಿದ ಕಾಗದದ ಮೇಲೆ ಹನಿ ಹಿಡಿದು, ಮರುದನಿಯಿಂದ ಮಳೆ ಲೆಕ್ಕ ಹಾಕಲು ಇಂದಿಗೂ ನಡೆಯುವ ಸೂತ್ರಕ್ಕೆ ದಾರಿ ಮಾಡಿದರು. ಹಿಟ್ಟಿನ ಪ್ರಯೋಗವನ್ನು ನಮ್ಮ ಶಾಲೆಗಳಲ್ಲೂ ಮಾಡಬಹುದು, ಒಂದು ಹಿಡಿ ಹಿಟ್ಟು ಸಾಕು. ಆಲಿಕಲ್ಲು ಬಿದ್ದಾಗ ಮರುದನಿ ಇನ್ನೂ ಜೋರಾಗಿ ಬಂದು ಇಲ್ಲದ ಮಳೆಯನ್ನೂ ತೋರಿಸುತ್ತದೆ.

ಇನ್ನೊಂದು ವಿಷಯ. ನಕ್ಷೆಯ ಮೇಲೆ ನೇರ ಗೆರೆ ಎಳೆದು ನೋಡಿದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಬೇಗಂಪೇಟೆಯಿಂದ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 95 ಕಿ.ಮೀ. ಭೂಮಿ ಗುಂಡಗಿದೆ, ರಾಡಾರಿನ ಕಿರಣವೂ ತುಸು ಮೇಲ್ಮುಖವಾಗಿ ಹೋಗುತ್ತದೆ. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ ನಮ್ಮ ಊರಿನ ಮೇಲೆ ಬರುವ ಹೊತ್ತಿಗೆ ಸುಮಾರು 1.3 ಕಿ.ಮೀ. ಎತ್ತರದಲ್ಲಿರುತ್ತದೆ. ಒಂದು ಡಿಗ್ರಿ ಅಗಲದ ಕಿರಣ ಇಲ್ಲಿ ಒಂದೂವರೆ ಕಿ.ಮೀ.ಗೂ ಹೆಚ್ಚು ಹರಡಿರುತ್ತದೆ. ಅಂದರೆ ಅದು ನೋಡುವುದು ನಮ್ಮ ತಲೆಯ ಮೇಲೆ ಬಹಳ ಎತ್ತರದ ಮಳೆಯನ್ನು. ಅಲ್ಲಿಂದ ಇಳಿಯುವಾಗ ಗಾಳಿ ಅದನ್ನು ಪಕ್ಕದೂರಿಗೆ ಒಯ್ಯಬಹುದು, ಒಣ ಹವೆಯಲ್ಲಿ ಅದು ಆರಿಯೂ ಹೋಗಬಹುದು. ಹುಡುಗನ 22 ಮಿ.ಮೀ., ಮುತ್ಯಾನ ನಾಲ್ಕು ಬೆರಳು ಯಾಕೆ ಹೊಂದಲಿಲ್ಲ ಅನ್ನುವುದಕ್ಕೆ ಇಂಥ ಕಾರಣಗಳಿವೆ.

ಹಾಗಂತ ರಾಡಾರ್ ಬೇಡವೆಂದಲ್ಲ. ಡಬ್ಬಿಗೆ ಕಾಣದ ಇಡೀ ಹರವು ಅದಕ್ಕೆ ಕಾಣುತ್ತದೆ. ಮಳೆ ಬರುವ ಮೊದಲೇ ಎಚ್ಚರಿಸುತ್ತದೆ. ಆದರೆ ಅದರ ಅಂಕಿಯನ್ನು ತಿದ್ದಲು ನೆಲದ ಮೇಲಿನ ಡಬ್ಬಿಯೇ ಬೇಕು. ಎಷ್ಟು ದೊಡ್ಡ ಯಂತ್ರ ಬಂದರೂ ಕೊನೆಯ ಸಾಕ್ಷಿ ಆ ಐದು ಇಂಚಿನ ಬಾಯಿಯೇ.

ಗಡಿ ದಾಟುವ ನೀರು

ಮಳೆಗೆ 1956 ಗೊತ್ತಿಲ್ಲ. ಕೋಹೀರ್ ಕಡೆ ಹುಟ್ಟುವ ಕಾರಂಜಾ ಹೊಳೆ ಜಹೀರಾಬಾದ್ ಸೀಮೆಯ ಮಳೆಯನ್ನು ಬೀದರ್ ಜಿಲ್ಲೆಗೆ ಒಯ್ದು ಮಾಂಜ್ರಾ ಹೊಳೆಗೆ ಕೊಡುತ್ತದೆ. ಮಾಂಜ್ರಾ ಅದನ್ನು ತಿರುಗಿ ತೆಲಂಗಾಣಕ್ಕೆ ತಂದು ಸಿಂಗೂರು ಕೆರೆಗೆ ತುಂಬುತ್ತದೆ. ತಾಂಡೂರಿನ ಕಾಗಿಣಾ ಸೇಡಂ, ಮಳಖೇಡ ದಾಟಿ ಭೀಮೆಗೆ ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಕಡೆ ನೀರು ನುಗ್ಗಿದಾಗ ಅದರಲ್ಲಿ ತಾಂಡೂರಿನ ಮಳೆಯೂ ಇತ್ತು. ಮೇಲಿನೂರಿನ ಡಬ್ಬಿಯ ಅಂಕಿ ಕೆಳಗಿನೂರಿನವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದರೆ ದನ ಕರು, ಕಾಳು ಕಡಿ ಮೇಲಕ್ಕೆ ಸಾಗಿಸಲು ನಾಲ್ಕು ತಾಸು ಸಿಗುತ್ತದೆ. ನೀರು ಎರಡು ರಾಜ್ಯದಲ್ಲಿ ಹರಿಯುತ್ತದೆ, ಲೆಕ್ಕವೂ ಹರಿಯಬೇಕು.

ನಮ್ಮೂರಿನ ಪುಸ್ತಕ

ಆ ಕಚೇರಿಯ ಪ್ರಶ್ನೆಗೆ ನಾವು ಮಾಡಿಕೊಂಡ ಉತ್ತರ ಇದು. ವಾಚನಾಲಯದ ಹಿಂದಿನ ಬಯಲಿನಲ್ಲಿ, ಗಿಡ ಗೋಡೆಯಿಂದ ದೂರ, ಒಂದು ನೆಟ್ಟನೆಯ ಪಕ್ಕದ ಸ್ಟೀಲ್ ಡಬ್ಬಿ ಇಟ್ಟಿದ್ದೇವೆ. ಬಾಯಿ ನೆಲದಿಂದ ಒಂದು ಅಡಿ ಮೇಲೆ, ಮಟ್ಟಸ. ಬಾಯಿಯ ಅಗಲ 10 ಸೆಂ.ಮೀ. ಇರುವುದರಿಂದ 1 ಮಿ.ಮೀ. ಮಳೆಗೆ ಸುಮಾರು 7.85 ಮಿಲಿಲೀಟರ್ ನೀರು. ಸೂಜಿ ತೆಗೆದ ಸಿರಿಂಜಿನಿಂದ ಅಳೆದು 7.85ರಿಂದ ಭಾಗಿಸಿದರೆ ಆಯಿತು. ದಿನಾ ಮುಂಜಾನೆ 8:30ಕ್ಕೆ ಏಳನೇ ತರಗತಿಯ ಇಬ್ಬರು ಮಕ್ಕಳು ಅಳೆಯುತ್ತಾರೆ, ಒಬ್ಬ ದೊಡ್ಡವರು ಸಹಿ ಹಾಕುತ್ತಾರೆ. ಮಳೆ ಇಲ್ಲದ ದಿನ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಬರೆಯುವವನು ಬರಲಿಲ್ಲವೋ ತಿಳಿಯುವುದಿಲ್ಲ. ಬರದ ವರ್ಷ ಆ ಸೊನ್ನೆಗಳೇ ನಮ್ಮ ಸಾಕ್ಷಿ.

ಪುಸ್ತಕದಲ್ಲಿ ನಾಲ್ಕು ಅಂಕಣ ಇದೆ: ತಾರೀಖು, ನಕ್ಷತ್ರ, ಮಿಲಿಮೀಟರ್, ಹಸಿ. ಕೊನೆಯದನ್ನು ಮುತ್ಯಾ ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ. ಮಂಡಲದ ಅಂಕಿ ಸಿಕ್ಕ ದಿನ ಅದನ್ನೂ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇವೆ. ನಮ್ಮ ಡಬ್ಬಿ ಸರ್ಕಾರದ್ದಲ್ಲ. ಅದರ ಅಂಕಿಯನ್ನು ಕಚೇರಿ ಒಪ್ಪಲೇಬೇಕೆಂದು ಕಾನೂನೇನಿಲ್ಲ. ಆದರೂ ಮುಂದಿನ ಸಲ ಯಾರಾದರೂ "ದಾಖಲೆ ಏನದ?" ಅಂದರೆ ಸುಮ್ಮನೆ ನಿಲ್ಲುವುದಿಲ್ಲ. ಜೂನಿನಿಂದ ಅಕ್ಟೋಬರಿನವರೆಗೆ ಒಂದು ದಿನವೂ ಬಿಡದೆ ಬರೆದ ಪುಸ್ತಕವನ್ನು ಮೇಜಿನ ಮೇಲೆ ಇಡುತ್ತೇವೆ.

ಸುತ್ತಲಿನ ಊರಿನ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ಮಾತು. ಹತ್ತು ಊರಿನಲ್ಲಿ ಹತ್ತು ಡಬ್ಬಿ ಆದರೆ ಅದು ಹತ್ತು ಪುಸ್ತಕವಲ್ಲ, ಒಂದು ನಕ್ಷೆ. ಗಡಿಯ ಆಚೆಯ ಬೀದರ್, ಚಿಟಗುಪ್ಪಾ, ಸೇಡಂ ಕಡೆಯ ಶಾಲೆಗಳೂ ಸೇರಿದರೆ 1956ರಲ್ಲಿ ಹರಿದ ಪುಸ್ತಕದ ಹಾಳೆಗಳನ್ನು ಮತ್ತೆ ಹೊಲಿದಂತಾಗುತ್ತದೆ. ಬರುವ ರೋಹಿಣಿಗೆ ಮೊದಲು ಒಂದು ಡಬ್ಬಿ, ಒಂದು ನೋಟ್‌ಬುಕ್ ಹೊಂದಿಸಿಕೊಳ್ಳಿ. ಅಳೆಯುವುದು ಹೇಗೆ ಅಂತ ಕೇಳಬೇಕಾದರೆ ಮುಂಜಾನೆ 8:30ಕ್ಕೆ ವಾಚನಾಲಯದ ಹಿಂದೆ ಬನ್ನಿ. ಏಳನೇ ತರಗತಿಯ ಮಕ್ಕಳು ತೋರಿಸಿಕೊಡುತ್ತಾರೆ.